ಎರಡೂ ತುದಿಗೆ ಕಿವಿ

ಚಿಹಾರುವಿನ ಬಾಯಿಂದ ಆ ಒಂದು ಮಾತು ಬಿದ್ದು ಆ ಭಾನುವಾರಕ್ಕೆ ಸರಿಯಾಗಿ ಒಂದು ತಿಂಗಳಾಗಿತ್ತು. ಮಾತೇನೂ ಕೆಟ್ಟದ್ದಲ್ಲ. "ಅಭಿನಂದನೆಗಳು" ಅಂದಿದ್ದಳು, ಅಷ್ಟೇ. ಆದರೆ ಅಂದ ಗಳಿಗೆಯಿಂದ ಅವಳಿಗೆ ತನ್ನ ನಾಲಿಗೆಯನ್ನು ಬಿಚ್ಚಿ, ತೊಳೆದು, ಬಿಸಿಲಿಗೆ ಒಣಗಹಾಕಬೇಕು ಅನ್ನಿಸುತ್ತಿತ್ತು.

ನಡೆದದ್ದು ಇಷ್ಟು. ಒಸಾಕಾದ ತೆಮ್ಮಾ ಪೇಟೆಯ ಒಂದು ಗಲ್ಲಿಯಲ್ಲಿ ಹಿಸಾಯೊ ಅನ್ನುವ ಎಪ್ಪತ್ತೆರಡು ವರ್ಷದ ಹೆಂಗಸಿನ ಒಕೊನೊಮಿಯಾಕಿ ಅಂಗಡಿ ಇದೆ. ಕೆಳಗೆ ಕಾದ ಕಬ್ಬಿಣದ ಹಲಗೆಯ ಮೇಲೆ ಎಲೆಕೋಸು, ಹಿಟ್ಟು, ಮೊಟ್ಟೆ ಎಲ್ಲ ಚುಂಯ್ ಅನ್ನುತ್ತಿದ್ದರೆ, ಮೇಲಿನ ಚಾಪೆಯ ಕೋಣೆಯಲ್ಲಿ ತಿಂಗಳ ಎರಡನೇ ಭಾನುವಾರ ಮಧ್ಯಾಹ್ನ ಹತ್ತು ಮಂದಿ, ಕರೆಂಟಿನಿಂದ ಸ್ವರ ಹುಟ್ಟಿಸುವ ತಮ್ಮ ತಮ್ಮ ಸಿಂಥಸೈಜರ್ ಪೆಟ್ಟಿಗೆ ಹೊತ್ತು ತಂದು ಕೂರುತ್ತಾರೆ. ಪೆಟ್ಟಿಗೆಯ ಮುಖದ ತುಂಬ ತೂತು, ತೂತಿನ ತುಂಬ ತಂತಿ. ನೋಡಿದವರಿಗೆ ಟೆಲಿಫೋನ್ ಆಫೀಸಿನ ಮೇಲೆ ಯಾರೋ ಶಾವಿಗೆ ಸುರಿದ ಹಾಗೆ ಕಾಣಬೇಕು. ಹಿಂದಿನ ತಿಂಗಳು ಕೂಟ ಮುಗಿದು ಮೆಟ್ಟಿಲ ಬುಡದಲ್ಲಿ ಎಲ್ಲರೂ ಚಪ್ಪಲಿ ಬೂಟು ಹುಡುಕುತ್ತಿದ್ದಾಗ ಕೂಟದ ನವಾಟ ಚಿಹಾರುವಿನ ಪಕ್ಕ ಕೂತು ಲೇಸು ಕಟ್ಟುತ್ತಾ, ಲೇಸಿಗೇ ಹೇಳಿದ ಹಾಗೆ ಹೇಳಿದ್ದ:

"ಹಮಾಮಾತ್ಸು ಊರಲ್ಲಿ ಹಳೇ ಸಿಂಥಸೈಜರ್ ರಿಪೇರಿ ಮಾಡೋ ವರ್ಕ್‌ಶಾಪ್ ಒಂದಿದೆ. ಬಂದ್ಬಿಡಿ, ಇಲ್ಲೇ ಇದ್ಬಿಡಿ ಅಂತಿದಾರೆ. ಮುಂದಿನ ಕೂಟದ ಮಾರನೇ ದಿನ, ಸೋಮವಾರ, ಹೂಂ ಅಥ್ವಾ ಊಹೂಂ ಅನ್ಬೇಕು. ನಿಮಗೇನನ್ಸುತ್ತೆ, ಚಿಹಾರು-ಸಾನ್?"

ಅವಳಿಗೆ ಅನ್ನಿಸಿದ್ದು ಬೇಕಾದಷ್ಟು. ಹೇಳಿದ್ದು ಮಾತ್ರ "ಅಭಿನಂದನೆಗಳು". ಜೊತೆಗೊಂದು ನಗು ಬೇರೆ. ನವಾಟ "ಓ... ಹೌದಾ. ಥ್ಯಾಂಕ್ಸ್" ಅಂದು, ಕಟ್ಟಿದ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿದ್ದ.

ಚಿಹಾರುವಿಗೆ ನಲವತ್ತೆಂಟು. ಸೆಂಬಾದಲ್ಲಿ ಬಟ್ಟೆ ಗುಂಡಿಗಳ ಸಗಟು ಅಂಗಡಿಯಲ್ಲಿ ಕೆಲಸ. ಹಗಲೆಲ್ಲ ಚಿಪ್ಪಿನ ಗುಂಡಿ, ಕೊಂಬಿನ ಗುಂಡಿ, ನಾಲ್ಕು ತೂತಿನ ಗುಂಡಿ ವಿಂಗಡಿಸಿದ ಕೈ ಅದು, ಸಂಜೆಯಾದರೆ ತಿರುಗಿಸಲು ಗುಂಡಿ ಬೇಕು ಅನ್ನುತ್ತದೆ. ನಾಲ್ಕು ವರ್ಷದ ಕೆಳಗೆ, ಬಾಗಿಲು ಹಾಕಿದ ಒಂದು ಕ್ಯಾಬರೆಯ ಸಾಮಾನು ಹರಾಜಿನಲ್ಲಿ ಆರ್ಗನ್ ಇರಬೇಕು ಅಂದುಕೊಂಡು ಒಂದು ಭಾರದ ಯಂತ್ರ ಕೊಂಡಿದ್ದಳು. ಮನೆಗೆ ತಂದರೆ ಅದು ಎಪ್ಪತ್ತರ ದಶಕದ ಸಿಂಥಸೈಜರ್, ಸತ್ತು ಮಲಗಿತ್ತು. ಯಾರೋ ಪಿಯಾನೊ ಶ್ರುತಿ ಮಾಡುವ ನವಾಟ ಅನ್ನುವವರ ಹೆಸರು ಹೇಳಿದರು. ಬಂದ. ಐವತ್ತೊಂದರ ಉದ್ದನೆಯ ಮನುಷ್ಯ, ಒಂಟಿ. ಪ್ರತಿ ಸ್ಕ್ರೂ ಬಿಚ್ಚುವಾಗಲೂ ಸ್ಕ್ರೂಗೆ "ಕ್ಷಮಿಸಿ" ಅನ್ನುತ್ತಿದ್ದ. ಆರು ಶನಿವಾರ ಬಂದು ಬಿಚ್ಚಿದ, ಬೆಸೆದ, ಟೀ ಕುಡಿದ. ಏಳನೇ ಶನಿವಾರ ಯಂತ್ರ ನೆಗಡಿಯಾದ ಎಮ್ಮೆಯ ಹಾಗೆ ಒಮ್ಮೆ ಕೂಗಿತು. ಇಬ್ಬರೂ ಎದ್ದು ನಿಂತು ಚಪ್ಪಾಳೆ ಹೊಡೆದರು. ಅದಕ್ಕೆ ಅಜ್ಜಿ ಅಂತ ಹೆಸರಿಟ್ಟರು. ಅಜ್ಜಿಯ ಮೈ ಬಿಸಿಯಾಗಲು ನಲವತ್ತು ನಿಮಿಷ ಬೇಕು. ಅಲ್ಲಿಯವರೆಗೆ ಶ್ರುತಿ ಎಲ್ಲಿ ನಿಲ್ಲುತ್ತದೆ ಅಂತ ಅಜ್ಜಿಗೇ ಗೊತ್ತಿರುವುದಿಲ್ಲ.

ಅಂಥ ಮನುಷ್ಯ ನಾಳೆ ಹೂಂ ಅಂದುಬಿಟ್ಟರೆ? ಇವತ್ತು ಹೇಗಾದರೂ ಹೇಳಲೇಬೇಕು, ಹೋಗಬೇಡಿ ಅಂತ. ಬೆಳಿಗ್ಗೆ ಕನ್ನಡಿಯ ಮುಂದೆ ಹದಿನಾಲ್ಕು ಸಲ ಹೇಳಿ ನೋಡಿದ್ದಳು. ಹದಿನಾಲ್ಕು ಸಲವೂ ಕನ್ನಡಿಯಲ್ಲಿದ್ದ ಹೆಂಗಸು "ಅಭಿನಂದನೆಗಳು" ಅನ್ನುವ ಮುಖವನ್ನೇ ಮಾಡಿದ್ದಳು.

ಎರಡು ಗಂಟೆಗೆ ದೋಮೊಟೊ ಕಾಗದ ಹರಡಿದ. ಈತ ಟ್ಯಾಕ್ಸಿ ಓಡಿಸುವವನು, ಕೂಟದ ಯಜಮಾನ, ಗಂಟಲು ದೊಡ್ಡದು.

"ಬನ್ರಪ್ಪ, ಬನ್ರಮ್ಮ! ಜೋಡಿ ಹಾಕೋ ಹೊತ್ತು! ಎರಡು ಪೆಟ್ಟಿಗೆಗೆ ಒಂದೇ ತಂತಿ, ಹದಿನೈದು ನಿಮಿಷ, ಅಭ್ಯಾಸ ಗಿಭ್ಯಾಸ ಇಲ್ಲ. ಯಾರು ಯಾರ ತಲೆಗೆ ಬೀಳ್ತೀರೋ ನಿಮ್ಮ ಹಣೆಬರಹ."

ಜೋಡಿ ಆರಿಸುವುದು ಏಣಿಚೀಟಿಯಲ್ಲಿ. ಹತ್ತು ಉದ್ದ ಗೆರೆ, ಮೇಲೆ ಹತ್ತು ಹೆಸರು, ಕೆಳಗೆ ಒಂದರಿಂದ ಐದರವರೆಗೆ ಎರಡೆರಡು ಸಲ ಬರೆದ ಅಂಕಿ. ನಡುವೆ ಅಲ್ಲಲ್ಲಿ ಅಡ್ಡಗೆರೆ. ಬೆರಳು ಇಟ್ಟು ಕೆಳಗಿಳಿಯುತ್ತಾ ಅಡ್ಡಗೆರೆ ಸಿಕ್ಕಾಗಲೆಲ್ಲ ಪಕ್ಕದ ಗೆರೆಗೆ ದಾಟಬೇಕು. ಒಂದೇ ಅಂಕಿಗೆ ಇಳಿದ ಇಬ್ಬರು ಜೋಡಿ. ಬೇಕಾದವರು ಬೇಕಾದಲ್ಲಿ ಒಂದು ಅಡ್ಡಗೆರೆ ಸೇರಿಸಬಹುದು, ಅದು ಎಲ್ಲರ ಹಕ್ಕು. ಅಂಕಿ ಕಾಣದಿರಲಿ ಅಂತ ದೋಮೊಟೊ ಕಾಗದದ ಬುಡ ಮಡಚಿದ್ದ. ಆದರೆ ಅದು ತರಕಾರಿ ಅಂಗಡಿಯ ಜಾಹೀರಾತಿನ ಕಾಗದ. ಈರುಳ್ಳಿ ಸಿಪ್ಪೆಗಿಂತ ತೆಳು. ಕಿಟಕಿಯ ಬೆಳಕಿಗೆ ಅಂಕಿಗಳೆಲ್ಲ ಮಡಿಕೆಯ ಆಚೆಯಿಂದ ಲಕ್ಷಣವಾಗಿ ಕಾಣುತ್ತಿದ್ದವು. ಎಲ್ಲರಿಗೂ ಕಾಣುತ್ತಿತ್ತು. ಯಾರೂ ಹೇಳಲಿಲ್ಲ.

ಕೂಟ ಶುರುವಾದ ಮೂರು ವರ್ಷದಲ್ಲಿ ಒಮ್ಮೆಯೂ ಚಿಹಾರು ಮತ್ತು ನವಾಟ ಜೋಡಿ ಬಿದ್ದಿರಲಿಲ್ಲ. ಚಿಹಾರು ಕಣ್ಣಲ್ಲೇ ಏಣಿ ಇಳಿದಳು. ಇವತ್ತೂ ಬೀಳುವುದಿಲ್ಲ. ಆದರೆ ತನ್ನ ಗೆರೆಗೂ ಪಕ್ಕದ ಗೆರೆಗೂ ನಡುವೆ ಒಂದೇ ಒಂದು ಅಡ್ಡಗೆರೆ ಹಾಕಿದರೆ ಬೀಳುತ್ತದೆ! ಪೆನ್ನು ತೆಗೆದುಕೊಂಡು, ಸುಮ್ಮನೆ ಮನಸ್ಸಿಗೆ ಬಂದ ಕಡೆ ಎಂಬಂತೆ ಕಿಟಕಿಯ ಹೊರಗೆ ನೋಡುತ್ತಾ ಎಳೆದಳು.

ಅಷ್ಟರಲ್ಲಿ ಮೇಲೆ ಬಂದ ಹಿಸಾಯೊ ಟೀ ಲೋಟಗಳ ತಟ್ಟೆ ಕೆಳಗಿಟ್ಟು, "ನಂದೂ ಒಂದಿರ್ಲಿ" ಅಂದು, ಚಿಹಾರುವಿನ ಗೆರೆಯ ಕೆಳಗೆ, ಅದೇ ಎರಡು ಉದ್ದಗೆರೆಗಳ ನಡುವೆ ಇನ್ನೊಂದು ಅಡ್ಡಗೆರೆ ಎಳೆದುಬಿಟ್ಟಳು. ದಾಟಿದ್ದು ವಾಪಸ್ಸಾಯಿತು. ಎಲ್ಲ ಮಣ್ಣುಪಾಲು.

"ಹಿಸಾಯೊ-ಸಾನ್!" ಅಂದಳು ಚಿಹಾರು, ಅಳು ಧ್ವನಿಯಲ್ಲಿ.

"ಏನೇ ಚೀ?" ಅಂದಳು ಹಿಸಾಯೊ, ಚಿಹಾರುವನ್ನು ಅವಳು ಕರೆಯುವುದೇ ಹಾಗೆ. "ಗೆರೆ ಎಳೆದ್ರೆ ನಿಮ್ಮಪ್ಪನ ಗಂಟು ಹೋಗುತ್ತಾ?"

"ಸಾಕಾ? ಮುಗೀತಾ?" ಅಂದ ದೋಮೊಟೊ.

"ಕ್ಷಮಿಸಿ," ಅಂದ ನವಾಟ. "ನಾನೂ ಒಂದು." ಬಗ್ಗಿದ. ಕಾಗದವನ್ನು ನೋಡಿಯೂ ನೋಡದವನಂತೆ, ಹಿಸಾಯೊಳ ಗೆರೆಯ ಕೆಳಗೆ ಸರಿಯಾಗಿ ಅರ್ಧ ಬೆರಳು ಬಿಟ್ಟು, ಅದೇ ಎರಡರ ನಡುವೆ, ಸ್ಕೇಲಿಟ್ಟು ಎಳೆದ ಹಾಗೆ ನೆಟ್ಟಗೆ ಒಂದು ಗೆರೆ ಎಳೆದ.

ಚಿಹಾರು ಮನಸ್ಸಿನಲ್ಲೇ ಇಳಿದು ನೋಡಿದಳು. ಇನ್ನೊಮ್ಮೆ ಇಳಿದಳು. ದೋಮೊಟೊ ಮಡಿಕೆ ಬಿಚ್ಚಿ ಕೂಗಿದ: "ಐದನೇ ಜೋಡಿ, ಕೊನೇದು, ಚಿಹಾರು-ಸಾನ್ ಮತ್ತೆ ನಮ್ಮ ನವಾಟ-ಸಾನ್! ಅರೆರೆ, ಮೂರು ವರ್ಷದಲ್ಲಿ ಇದೇ ಮೊದಲು!"

ಬೇಕೆಂದೇ ಎಳೆದನೋ? ಕೈ ಎಲ್ಲಿಗೆ ಹೋಯಿತೋ ಅಲ್ಲಿ ಎಳೆದನೋ? ಕೇಳುವುದಂತೂ ಸಾಧ್ಯವಿಲ್ಲ. ಚಿಹಾರು ಖುಷಿಗೆ ಬಿಸಿ ಟೀಯನ್ನು ಒಂದೇ ಗುಟುಕಿಗೆ ಕುಡಿದು ಬಾಯಿ ಸುಟ್ಟುಕೊಂಡಳು.

ಈ ಕೂಟದ ಒಂದು ರೀತಿ ರಿವಾಜು ಹೇಳಬೇಕು. ಎರಡು ಪೆಟ್ಟಿಗೆಗಳ ನಡುವಿನ ಆ ಒಂದೇ ತಂತಿಯಲ್ಲಿ ಹರಿಯುವುದು ತಾಳ. ಒಂದು ಪೆಟ್ಟಿಗೆ ತಾಳ ಕೊಡುತ್ತದೆ, ಅದು ತಾಯಿ. ಇನ್ನೊಂದು ಕೇಳಿಸಿಕೊಂಡು ಕುಣಿಯುತ್ತದೆ; ಅದು ಮರಿ. ಮರಿಯಾಗಲು ಎಲ್ಲರೂ ತಯಾರು. ತಾಯಾಗಲು ಮಾತ್ರ ಒಬ್ಬರೂ ಮುಂದೆ ಬರುವುದಿಲ್ಲ, ಯಾಕೆಂದರೆ ಅದು ನಾನೇ ದೊಡ್ಡವನು ಅಂದಂತೆ. "ನೀವೇ ಕೊಡಿ." "ಛೆ ಛೆ, ನಿಮ್ಮ ಮುಂದೆ ನಾನಾ?" "ದಯವಿಟ್ಟು ನೀವೇ." ಹೀಗೆ ಬಗ್ಗಿ ಬಗ್ಗಿ ಅರ್ಧ ಹೊತ್ತು ಹೋಗುತ್ತದೆ. ಆ ದಿನ ಎರಡನೇ ಜೋಡಿಯಲ್ಲಿ ಹಲ್ಲಿನ ಸೆಟ್ಟು ಮಾಡುವ ಒಬ್ಬಾತನೂ ಒಬ್ಬ ನಿವೃತ್ತ ಟೀಚರಮ್ಮನೂ ಎಷ್ಟು ಬಗ್ಗಿದರೆಂದರೆ ದೋಮೊಟೊ ಗಡಿಯಾರ ತೋರಿಸಿ, "ನಾಲ್ಕು ನಿಮಿಷ ನಮಸ್ಕಾರದಲ್ಲೇ ಹೋಯ್ತು! ಮೀಟರ್ ಹಾಕಿದ್ರೆ ನಾನು ಮನೆ ಕಟ್ತಿದ್ದೆ!" ಅಂದ. ಆಮೇಲೆ ಅವರಿಬ್ಬರೂ ತಮ್ಮ ಪೆಟ್ಟಿಗೆಗಳಿಂದ ಮಳೆಗಾಲದ ಕೆರೆಯಷ್ಟು ಕಪ್ಪೆಗಳನ್ನು ಕೋಣೆಗೆ ಬಿಟ್ಟರು.

ಐದನೇ ಜೋಡಿಯ ಸರದಿ ಬಂತು. ಚಿಹಾರು ಅಜ್ಜಿಯ ಶ್ರುತಿ ಹಿಡಿಯುತ್ತಾ ಬೆನ್ನು ಹಾಕಿ ಕೂತಿದ್ದಾಗ ನವಾಟ ತಂತಿಯ ಒಂದು ತುದಿಯನ್ನು ತನ್ನ ಪೆಟ್ಟಿಗೆಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡಳು. ತಾಯಿ ಯಾರು, ಮರಿ ಯಾರು ಅಂತ ಕೇಳಬೇಕಿತ್ತು. ಕೇಳಬೇಕಾದರೆ ಮುಖ ನೋಡಬೇಕು. ನೋಡಲಾಗಲಿಲ್ಲ. ಅದರಲ್ಲಿ ಕೇಳುವುದೇನಿದೆ? ಅವರು ಬಲ್ಲವರು, ಅಜ್ಜಿಯ ಜೀವ ಉಳಿಸಿದವರು, ತಾಳ ಅವರದ್ದೇ ಇರಲಿ. ತುದಿಯನ್ನು ಅಜ್ಜಿಯ ತಾಳ ಕೇಳುವ ತೂತಿಗೆ ಸಿಕ್ಕಿಸಿ, ತಲೆಬಾಗಿ, ಕಾದಳು.

ಎದುರು ಅವನೂ ತಲೆಬಾಗಿ ಕಾದ.

ಸದ್ದಿಲ್ಲ.

ಅರ್ಧ ನಿಮಿಷವಾಯಿತು. ಚಿಹಾರು ಓರೆಗಣ್ಣಲ್ಲಿ ನೋಡಿದಳು. ನವಾಟ ಮುಗುಳ್ನಕ್ಕ. ಅವಳೂ ನಕ್ಕಳು. ಒಳ್ಳೆ ಮನುಷ್ಯ, ಅವಸರವಿಲ್ಲ, ನಿಧಾನಕ್ಕೆ ಶುರುಮಾಡಲಿ. ಒಂದು ನಿಮಿಷ. ತಾಳ ಬಂದರೆ ಮಿಣುಕಬೇಕಾದ ಅಜ್ಜಿಯ ಕೆಂಪು ದೀಪ ಮಿಣುಕಲಿಲ್ಲ. ಅಯ್ಯೋ, ಅಜ್ಜಿಯ ಕಿವಿ ಹೋಯಿತೇ? ಇವತ್ತೇ ಹೋಗಬೇಕಿತ್ತೇ? ಅವಳು ಪಿನ್ನು ಅಲ್ಲಾಡಿಸಿದಳು, ಗುಂಡಿ ತಿರುಗಿಸಿದಳು, ಅಜ್ಜಿಯ ಪಕ್ಕೆಗೆ ಮೆಲ್ಲಗೆ ಗುದ್ದಿದಳು. ಆ ಕಡೆ ನವಾಟನ ಮುಖವೂ ಬಿಳಿಚಿಕೊಂಡಿತ್ತು. ಅವನು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, "ಕ್ಷಮಿಸಿ... ಕ್ಷಮಿಸಿ..." ಅನ್ನುತ್ತಾ ತನ್ನ ಪೆಟ್ಟಿಗೆಯ ಮುಚ್ಚಳ ಬಿಚ್ಚತೊಡಗಿದ.

ನೋಡುತ್ತಿದ್ದವರು ಮಾತ್ರ ಮೈಮರೆತಿದ್ದರು. ಹಲ್ಲಿನ ಸೆಟ್ಟಿನವನು ಕಣ್ಣು ಮುಚ್ಚಿ ತಲೆದೂಗುತ್ತಿದ್ದ.

"ಎಂಥಾ ಧೈರ್ಯ!" ಅಂತ ಟೀಚರಮ್ಮನ ಕಿವಿಯಲ್ಲಿ ಪಿಸುಗುಟ್ಟಿದ. "ಎರಡು ನಿಮಿಷ ಆಯ್ತು, ಒಂದು ಸ್ವರ ಇಲ್ಲ. ನಮಗೆ ಬರುತ್ತಾ ಇಂಥಾದ್ದು?"

"ಸ್ಕ್ರೂ ಸದ್ದು ಕೇಳಿಸ್ಕೊಳ್ಳಿ," ಅಂದಳು ಟೀಚರಮ್ಮ. "ಎಷ್ಟು ಸೂಕ್ಷ್ಮ!"

ಕಪ್ಪೆ, ಹಡಗಿನ ಸೈರನ್ನು, ಮುರಿದ ಫ್ಯಾನು ಎಲ್ಲವನ್ನೂ ಸಂಗೀತವೆಂದು ಕೇಳಿ ಅಭ್ಯಾಸವಾದ ಮಂದಿ. ಸದ್ದೇ ಇಲ್ಲದ್ದನ್ನು ಬಿಟ್ಟಾರೆಯೇ? ಮೂರನೇ ನಿಮಿಷದಲ್ಲಿ ಒಬ್ಬರು ಕಣ್ಣೊರೆಸಿಕೊಂಡರು.

ಆಗ ಧಡಧಡ ಮೆಟ್ಟಿಲು ಹತ್ತಿ ಬಂದವಳು ಹಿಸಾಯೊ, ಕೈಯಲ್ಲಿ ಒಕೊನೊಮಿಯಾಕಿ ಮಗುಚುವ ಸಟ್ಟುಗ.

"ಏನ್ರೋ, ಎಲ್ಲಾ ಸತ್ರಾ? ಕೆಳಗೆ ಗಿರಾಕಿಗಳು ಕೇಳ್ತಿದಾರೆ, ಇವತ್ಯಾಕೆ ಎಮ್ಮೆ ಕೂಗಿಲ್ಲ ಅಂತ!"

"ಶ್‌ಶ್!" ಅಂದರು ಎಲ್ಲರೂ.

"ಶ್ ಅಂತೆ ಶ್! ನನ್ನ ಮನೇಲಿ ನಂಗೇ ಶ್!" ಅವಳು ಚಾಪೆಯ ನಡುವಿಗೆ ನಡೆದು, ಇಬ್ಬರ ಬೆವತ ಮುಖ ನೋಡಿದಳು, ಬಿಚ್ಚಿದ ಪೆಟ್ಟಿಗೆ ನೋಡಿದಳು. ಮೂರು ವರ್ಷ ಟೀ ತಂದು, ತಟ್ಟೆ ಎತ್ತಿ, ಇವರ ಬೈಗುಳ ನಗು ಎಲ್ಲ ಕೇಳಿದ ಹೆಂಗಸು. ಯಾವ ತೂತಿನಲ್ಲಿ ಏನು ಹೋಗುತ್ತದೆ ಅಂತ ಅವಳಿಗೂ ಗೊತ್ತು. ಸಟ್ಟುಗದ ತುದಿಯಿಂದ ತಂತಿಯನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಡವುತ್ತಾ ಹೋದಳು. ತಂತಿಯ ಮೇಲೆ ಸಾಸಿನ ಗೆರೆ ಬಿತ್ತು.

"ಇದು ಕೇಳೋ ತೂತು. ಹೌದೇನೋ ನವಾಟ?"

"ಹೌದು, ಹಿಸಾಯೊ-ಸಾನ್."

"ಇದೂ ಕೇಳೋ ತೂತು. ಹೌದೇನೇ ಚೀ?"

ಚಿಹಾರು ಬಗ್ಗಿ ಅವನ ಕಡೆಯ ತುದಿ ನೋಡಿದಳು. ಅವನು ಬಗ್ಗಿ ಅವಳ ಕಡೆಯದನ್ನು ನೋಡಿದ. ಇಬ್ಬರ ತಲೆಗೆ ತಲೆ ಟಕ್ ಅಂತ ತಾಗಿತು.

"ಈ ತುದೀಲೂ ಕಿವಿ, ಆ ತುದೀಲೂ ಕಿವಿ!" ಅಂತ ಹಿಸಾಯೊ ಇಡೀ ಕೋಣೆಗೆ ಸಾರಿದಳು. "ಬಾಯಿ ಯಾರಪ್ಪಂದು? ಇಬ್ರೂ ಕೇಳಿಸ್ಕೊಂಡು ಕೂತಿದೀರಲ್ಲ, ನಾಳೆ ಬೆಳಗಾದ್ರೂ ಕೂತಿರ್ತೀರಾ?"

ಕೋಣೆ ನಗುವಿನಿಂದ ಒಡೆಯಿತು. ದೋಮೊಟೊ ಚಾಪೆಯ ಮೇಲೆ ಮಗುಚಿಬಿದ್ದ. ಹಲ್ಲಿನ ಸೆಟ್ಟಿನವನು ಮಾತ್ರ, "ಅಂದ್ರೆ... ಅದು ಕಲೆ ಅಲ್ವಾ?" ಅಂತ ಪಾಪ ಎಲ್ಲರನ್ನೂ ಕೇಳುತ್ತಿದ್ದ.

"ಕ್ಷಮಿಸಿ," ಅಂದ ನವಾಟ, ಕಿವಿಯವರೆಗೂ ಕೆಂಪಾಗಿ. "ಅಜ್ಜಿ ಹಿರಿಯರು. ತಾಳ ಅವರೇ ಕೊಡ್ಲಿ ಅಂತ..."

"ನೀವು ಬಲ್ಲವರು ಅಂತ ನಾನು..." ಅಂದಳು ಚಿಹಾರು.

"ಇಲ್ಲ ಇಲ್ಲ, ನೀವೇ..."

"ಛೆ ಛೆ, ನೀವೇ..."

"ಇನ್ನೊಂದ್ಸಲ ನೀವೇ ಅಂದೋರಿಗೆ ಈ ಸಟ್ಟುಗದಲ್ಲಿ ಬಾರಿಸ್ತೀನಿ!" ಅಂದಳು ಹಿಸಾಯೊ.

ಚಿಹಾರುವಿಗೆ ತಲೆ ಗಿರ್ರೆಂದಿತು. ನಾಳೆ ಬೆಳಗಾದ್ರೂ ಕೂತಿರ್ತೀರಾ ಅನ್ನುವ ಮಾತು ಕಿವಿಯಲ್ಲಿ ಇನ್ನೂ ಕುಣಿಯುತ್ತಿತ್ತು. ನಾಳೆ ಬೆಳಿಗ್ಗೆ ಅಂದರೆ ಸೋಮವಾರ. ಅವಳು ತನ್ನ ತುದಿಯನ್ನು ಸರಕ್ಕನೆ ಕಿತ್ತು, ತಾಳ ಕೊಡುವ ತೂತಿಗೆ ತಳ್ಳಿದಳು. ತಾಳ ತಾನಾಗಿ ನಡೆಯುವಂತೆ ಅಣಿಗೊಳಿಸಲು ಮೂರು ಗುಂಡಿ ತಿರುಗಿಸಬೇಕು. ಈ ಅವಸರದಲ್ಲಿ ಅದೆಲ್ಲ ಆಗುವ ಹೋಗುವ ಕೆಲಸವೇ? ಅಜ್ಜಿಯ ಮುಖದ ಮೂಲೆಯಲ್ಲಿ ಒಂದು ದಪ್ಪ ಬಿಳಿ ಗುಂಡಿ ಇದೆ; ಒಮ್ಮೆ ಒತ್ತಿದರೆ ಒಂದು ಪೆಟ್ಟು. ಹೆಬ್ಬೆರಳಿಟ್ಟು ಒತ್ತಿದಳು.

ನವಾಟನ ಪೆಟ್ಟಿಗೆ "ಪೋಂ" ಅಂದಿತು.

ಮತ್ತೆ ಒತ್ತಿದಳು. "ಪೀಂ." ಇನ್ನೊಮ್ಮೆ. "ಪುಳಕ್." ಅದರ ಬೆನ್ನಿಗೆ ಅಜ್ಜಿಯೂ ಗಂಟಲು ಸರಿಮಾಡಿಕೊಂಡು ಕೂಗಿತು. ನವಾಟ ಬಿಚ್ಚಿದ ಮುಚ್ಚಳವನ್ನು ಹಾಗೇ ಬಿಟ್ಟು ಎರಡೂ ಕೈಯಲ್ಲಿ ತಿರುಗುಗುಂಡಿಗಳ ಮೇಲೆ ಬಿದ್ದ. ಅವಳು ಒತ್ತಿದ ಹಾಗೆ ಎಂಟು ಸ್ವರ ಒಂದರ ಹಿಂದೊಂದು ಓಡಿಬಂದವು, ಬಾಗಿಲು ತೆರೆದ ಕೂಡಲೇ ನುಗ್ಗುವ ಕೋಳಿಮರಿಗಳಂತೆ. ಎಮ್ಮೆ ಒಂದು ಕಡೆ, ಕೋಳಿಮರಿ ಒಂದು ಕಡೆ. ಕೆಳಗಿನಿಂದ ಗಿರಾಕಿಗಳು "ಹಾಂ, ಬಂತು ಬಂತು!" ಅಂತ ಕೂಗಿದರು. ಹಿಸಾಯೊ ಸಟ್ಟುಗದಿಂದ ಮೆಟ್ಟಿಲ ಕಂಬಕ್ಕೆ ಬಡಿಯತೊಡಗಿದಳು. ಹೆಬ್ಬೆರಳು ಎತ್ತಿದರೆ ಎಲ್ಲ ನಿಲ್ಲುತ್ತದೆ, ಒತ್ತಿದರೆ ಎಲ್ಲ ಬದುಕುತ್ತದೆ. ಇಷ್ಟು ಮಂದಿಯನ್ನು ಕುಣಿಸುವ ಹೆಬ್ಬೆರಳು ತನಗೆ ಇತ್ತೆಂದೇ ಗೊತ್ತಿರಲಿಲ್ಲ ಚಿಹಾರುವಿಗೆ. ನಗು ತಡೆಯಲಾಗಲಿಲ್ಲ. ನಗುತ್ತಾ ನಗುತ್ತಾ, ಈ ಗದ್ದಲದಲ್ಲಿ ಯಾರಿಗೆ ಕೇಳಿಸೀತು, ಹೇಳಿಯೇಬಿಡೋಣ ಅನ್ನಿಸಿತು. ಬಾಯಿ ತೆರೆದಳು. ಬಾಯಿ ತೆರೆದ ಸಂಭ್ರಮದಲ್ಲಿ ಹೆಬ್ಬೆರಳು ಮರೆತುಹೋಯಿತು.

ಎಲ್ಲ ಸದ್ದೂ ಒಟ್ಟಿಗೆ ನಿಂತಿತು.

"ಹಮಾಮಾತ್ಸುಗೆ ಹೋಗ್ಬೇಡಿ ನವಾಟ-ಸಾನ್ ನಂಗೆ ನೀವು ಬೇಕು!"

ಅದು ಕೂಗಾಗಿತ್ತು. ಮೆಟ್ಟಿಲು ಇಳಿದು, ಅಂಗಡಿ ದಾಟಿ, ಗಲ್ಲಿಗೂ ಹೋಗಿರಬೇಕು. ಕೆಳಗೆ ಯಾರದೋ ಕೈಯಿಂದ ಚಾಪ್‌ಸ್ಟಿಕ್ ಬಿದ್ದ ಸದ್ದು ಕೇಳಿಸಿತು.

ನವಾಟ ಅವಳನ್ನೇ ನೋಡಿದ. "ಆದ್ರೆ ನೀವು... ಅಭಿನಂದನೆಗಳು ಅಂದ್ರಲ್ಲ?"

"ಸುಳ್ಳು ಹೇಳ್ದೆ."

"ನಗ್ತಾ ಹೇಳಿದ್ರಿ."

"ಸುಳ್ಳನ್ನ ಅಳ್ತಾ ಹೇಳ್ತಾರಾ?"

"ಒಂದು ತಿಂಗಳು," ಅಂದ ನವಾಟ, ನಿಧಾನವಾಗಿ, ಲೆಕ್ಕ ತಪ್ಪಬಾರದು ಅನ್ನುವಂತೆ. "ಒಂದು ತಿಂಗಳು ನಾನು ಶ್ರುತಿ ಮಾಡಿದ ಪಿಯಾನೊಗಳೆಲ್ಲ ಅರ್ಧ ಕೂದಲೆಳೆಯಷ್ಟು ಕೆಳಗಿವೆ. ಎಲ್ಲರ ಮನೆಗೂ ವಾಪಸ್ ಹೋಗ್ಬೇಕು ನಾನೀಗ."

"ಅದಿರ್ಲಿ, ಉತ್ತರ ಹೇಳೋ ಬೆಪ್ಪಾ!" ಅಂದ ದೋಮೊಟೊ.

ನವಾಟ ಎದ್ದು ನಿಂತ. ಜೇಬಿನಿಂದ ಫೋನ್ ತೆಗೆದ. "ನಾಳೆ ತನಕ ಯಾಕೆ," ಅಂದು ನಂಬರ್ ಒತ್ತಿದ. ದೋಮೊಟೊ ಕೈಚಾಚಿ ಸ್ಪೀಕರ್ ಗುಂಡಿ ಅದುಮಿದ, ಯಾರೂ ಹೇಳದಿದ್ದರೂ. ಆ ಕಡೆ ವರ್ಕ್‌ಶಾಪಿನ ಮುದುಕರ ಧ್ವನಿ "ಮೊಶಿ ಮೊಶಿ" ಅಂದಿತು. ನವಾಟ ಫೋನಿಗೇ ಸೊಂಟ ಬಾಗಿಸಿ ನಮಸ್ಕರಿಸಿದ.

"ಭಾನುವಾರ ತೊಂದ್ರೆ ಕೊಡ್ತಿದೀನಿ, ದಯವಿಟ್ಟು ಕ್ಷಮಿಸಿ. ತಾವು ಕೇಳಿದ ವಿಷಯ..." ಚಿಹಾರುವಿನ ಕಡೆ ನೋಡಿ, ಹೆಬ್ಬೆರಳನ್ನು ಗಾಳಿಯಲ್ಲಿ ಒತ್ತಿ ತೋರಿಸಿದ: ನಡೆಸಿ, ನಡೆಸಿ.

ಅವಳು ಒತ್ತಿದಳು. ಪೋಂ. ಪೀಂ. ಪುಳಕ್.

"ಬರೋಕಾಗಲ್ಲ, ಸರ್," ಅಂದ ನವಾಟ, ಕೋಳಿಮರಿಗಳ ನಡುವಿನಿಂದ. ಈಗ ಧ್ವನಿ ಗಟ್ಟಿಯಾಗಿತ್ತು. "ನಾನು ಒಸಾಕಾದಲ್ಲೇ ಇರ್ತೀನಿ. ತಮ್ಮ ದೊಡ್ಡ ಮನಸ್ಸಿಗೆ..." ಮತ್ತೆ ಬಗ್ಗಿದ, ಮತ್ತೆ, ಮತ್ತೆ.

ಕೋಣೆಯವರೆಲ್ಲ ಹೋ ಅಂತ ಎದ್ದರು. ಟೀಚರಮ್ಮ ಹಲ್ಲಿನ ಸೆಟ್ಟಿನವನನ್ನು ತಬ್ಬಿಕೊಂಡಳು. ಚಿಹಾರುವಿನ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಂತಿರಲಿಲ್ಲ. ಹಿಸಾಯೊ ತನ್ನ ಏಪ್ರನ್ ತುದಿಯಿಂದಲೇ ಒರೆಸಿದಳು. ಕೆನ್ನೆಗೆ ಹಿಟ್ಟು ಮೆತ್ತಿತು.

ಫೋನಿನ ಮುದುಕರ ಧ್ವನಿ ಮತ್ತೆ ಬಂತು.

"ನವಾಟ-ಕುನ್, ಅದೇನಪ್ಪಾ ಅಲ್ಲಿ ಸದ್ದು?"

"ಕಾರಣ, ಸರ್. ಬರದೇ ಇರೋಕೆ ಕಾರಣ."

"ಹೌದಾ? ಫೋನ್ ಸ್ವಲ್ಪ ಹತ್ರ ಹಿಡಿ."

ಹಿಡಿದ. ಮುದುಕರು ಕೇಳಿದರು. ಐವತ್ತು ವರ್ಷ ಇಂಥ ಯಂತ್ರಗಳ ಹೊಟ್ಟೆಯಲ್ಲೇ ಕಳೆದ ಕಿವಿ ಅದು, ಸುಮ್ಮನೆ ಬಿಡುತ್ತದೆಯೇ?

"ಯಂತ್ರದ ಗಂಟಲು ಚೆನ್ನಾಗಿದೆ," ಅಂದರು ಕೊನೆಗೆ. "ತಾಳ ಕೈಯಲ್ಲಿ ಕೊಡ್ತಿರೋದಾ? ಓಡ್ತಿದೆಯಲ್ಲಪ್ಪ. ಕ್ಷಣಕ್ಕೊಂದು ಥರ, ಮುಂದೆ ಮುಂದೆ ಓಡ್ತಾ ಇದೆ."

ನವಾಟ ಚಿಹಾರುವಿನ ಹೆಬ್ಬೆರಳನ್ನು ನೋಡಿದ. ಅದು ನಿಜಕ್ಕೂ ಹಿಡಿತಕ್ಕೆ ಸಿಗದೆ ಓಡುತ್ತಿತ್ತು.

"ಹೌದು, ಸರ್," ಅಂದ. "ಓಡ್ತಿದೆ."

ಅಂದು, ಫೋನನ್ನು ಅಜ್ಜಿಯ ತಲೆಯ ಮೇಲಿಟ್ಟು, ತನ್ನ ಗುಂಡಿಗಳ ಮುಂದೆ ಕೂತು, ಆ ಓಟಕ್ಕೆ ಸರಿಯಾಗಿ ಸ್ವರಗಳನ್ನು ಬಿಡತೊಡಗಿದ.